ಜಾವಾದ ಹೆಸರು ಹೊತ್ತ ನಮ್ಮ ಗದ್ದೆಯ ಕಪ್ಪೆ

ಜೂನ್ ತಿಂಗಳ ಕೊನೆಯ ವಾರ. ಖಾನಾಪುರ ತಾಲ್ಲೂಕಿನ ಜಾಂಬೋಟಿಯಿಂದ ಕಣಕುಂಬಿಗೆ ಹೋಗುವ ರಸ್ತೆಯ ಪಕ್ಕದ ಭತ್ತದ ಗದ್ದೆಯೊಂದರ ಬದುವಿನ ಮೇಲೆ ನಿಂತಿದ್ದೆ. ಮಳೆ ಆಗಷ್ಟೇ ಬಿಟ್ಟಿತ್ತು. ಗದ್ದೆಯ ಮಾಲೀಕರು, ನಾನು ಕಾಕಾ ಎಂದು ಕರೆಯುವ ಹಿರಿಯರು, ಕಂಬಳಿಯ ಕೊಪ್ಪೆ ಹೊದ್ದು ಪಕ್ಕದಲ್ಲಿದ್ದರು. ಟಾರ್ಚಿನ ಬೆಳಕು ಬಿದ್ದ ಕಡೆ ಎರಡು ಕಪ್ಪೆಗಳು ಕುಳಿತಿದ್ದವು. ನಡುವೆ ಒಂದು ಗೇಣು ಅಂತರವಿತ್ತು. ಎರಡೂ ಹೆಬ್ಬೆರಳಿನಷ್ಟು ಗಾತ್ರ, ಎರಡಕ್ಕೂ ಒದ್ದೆ ಮಣ್ಣಿನ ಬಣ್ಣ, ಬೆನ್ನಿನ ಮೇಲೆ ಹಿಂಡಿಟ್ಟ ಬಟ್ಟೆಯಂತೆ ತುಂಡು ತುಂಡಾದ ನೆರಿಗೆಗಳು, ತುಟಿಯ ಅಂಚಿನಲ್ಲಿ ಕಪ್ಪು ಪಟ್ಟಿಗಳು. ಒಂದರ ಮೂತಿಯಿಂದ ಬೆನ್ನಿನ ಕೊನೆಯವರೆಗೆ ತೆಳುವಾದ ಬಿಳಿ ಗೆರೆಯಿತ್ತು. ಇನ್ನೊಂದಕ್ಕೆ ಇರಲಿಲ್ಲ.

"ಗೆರೆ ಇದ್ದರೇನು, ಇಲ್ಲದಿದ್ದರೇನು ತಮ್ಮಾ, ಎಲ್ಲವೂ ಒಂದೇ ಕಪ್ಪೆ" ಎಂದರು ಕಾಕಾ.

ಗೆರೆಯ ವಿಷಯದಲ್ಲಿ ಅವರ ಮಾತು ಪೂರ್ತಿ ಸರಿ. ಈ ಗುಂಪಿನ ಕಪ್ಪೆಗಳಲ್ಲಿ ಬೆನ್ನಿನ ಗೆರೆ ಒಂದೇ ಪ್ರಭೇದದ ಕೆಲವಕ್ಕೆ ಇರುತ್ತದೆ, ಕೆಲವಕ್ಕೆ ಇರುವುದಿಲ್ಲ. ಒಂದೇ ಮನೆಯ ಮಕ್ಕಳಲ್ಲಿ ಒಬ್ಬರ ಕೆನ್ನೆಗೆ ಗುಳಿ ಬಿದ್ದು ಇನ್ನೊಬ್ಬರಿಗೆ ಬೀಳದಂತೆ. ಆದರೆ ಆ ರಾತ್ರಿ ಗದ್ದೆಯಿಂದ ಎರಡು ಬಗೆಯ ಕೂಗು ಕೇಳಿಬರುತ್ತಿತ್ತು. ಒಂದು ಜೀರುಂಡೆಯಂತೆ ಎಡೆಬಿಡದೆ ಎಳೆಯುವ ಸದ್ದು. ಇನ್ನೊಂದು ಬಿಟ್ಟು ಬಿಟ್ಟು ಬರುವ, ಗಡುಸಾದ, ಗಿಡ್ಡ ಸದ್ದು. ಕಣ್ಣಿಗೆ ಒಂದಾಗಿ ಕಂಡದ್ದು ಕಿವಿಗೆ ಎರಡಾಗಿ ಕೇಳಿದಾಗ ಯಾವುದನ್ನು ನಂಬಬೇಕು? ಈ ಪ್ರಶ್ನೆಯ ಜೊತೆ ಕಪ್ಪೆ ಶಾಸ್ತ್ರಜ್ಞರು ನೂರು ವರ್ಷ ಗುದ್ದಾಡಿದ್ದಾರೆ. ಅದಕ್ಕೆ ಗಟ್ಟಿ ಉತ್ತರ ಕೊಡುವ ದಾರಿ ತೆರೆದದ್ದು ಡಿಎನ್ಎ.

ಮೊದಲು ಹೆಸರಿನ ಕಥೆ ಹೇಳಬೇಕು. 1829ರಲ್ಲಿ ಗ್ರಾವೆನ್‌ಹಾರ್ಸ್ಟ್ ಎಂಬ ಜರ್ಮನ್ ಪ್ರಾಣಿಶಾಸ್ತ್ರಜ್ಞ ಜಾವಾ ದ್ವೀಪದ ಕಪ್ಪೆಯೊಂದನ್ನು ವಿವರಿಸಿ ಅದಕ್ಕೆ 'ರಾನಾ ಲಿಮ್ನೊಕಾರಿಸ್' ಎಂದು ಹೆಸರಿಟ್ಟ. ಮಣ್ಣಿನ ಬಣ್ಣ, ಬೆನ್ನಿನ ಮೇಲೆ ನೆರಿಗೆ, ಗದ್ದೆಯ ವಾಸ. ಈ ವಿವರಣೆಗೆ ಹೊಂದುವ ಕಪ್ಪೆ ಭಾರತದಲ್ಲಿಯೂ ಇತ್ತು, ಚೀನಾದಲ್ಲಿಯೂ ಇತ್ತು, ಜಪಾನಿನಲ್ಲಿಯೂ ಇತ್ತು. ಹಾಗಾಗಿ ಭಾರತದಿಂದ ಜಪಾನಿನವರೆಗಿನ ಗದ್ದೆಗಳ ಕಪ್ಪೆಗಳೆಲ್ಲ ಆ ಒಂದು ಹೆಸರಿನ ಕೆಳಗೆ ಸೇರಿಹೋದವು. ಖಾನಾಪುರದ ಗದ್ದೆಯಲ್ಲಿ ಹುಟ್ಟಿ, ಇಲ್ಲಿಯ ಹುಳು ತಿಂದು, ಇಲ್ಲಿಯೇ ಸಾಯುವ ಕಪ್ಪೆ ಪುಸ್ತಕದಲ್ಲಿ ಜಾವಾದ ಕಪ್ಪೆಯಾಯಿತು.

ಹಳಬರಿಗೆ ಅನುಮಾನ ಬರಲಿಲ್ಲ ಎಂದಲ್ಲ. 1919ರಲ್ಲಿ ಪ್ರಾಣಿಶಾಸ್ತ್ರಜ್ಞ ಆನಂಡೇಲ್ ಸಹ್ಯಾದ್ರಿಯ ಒಂದು ಬಗೆಯನ್ನು ಬೇರ್ಪಡಿಸಿ 'ಸಿಹಾದ್ರೆನ್ಸಿಸ್' ಎಂದು ಕರೆದರು. 1922ರಲ್ಲಿ ನಮ್ಮವರೇ ಆದ ಸಿ.ಆರ್. ನಾರಾಯಣ ರಾವ್ ಅವರು ಜೋಗದ ಒಂದು ಬಗೆಯನ್ನು 'ಮೈಸೂರೆನ್ಸಿಸ್' ಎಂದರು. ಆದರೆ ಇವೆರಡನ್ನೂ ಜಾವಾದ ಕಪ್ಪೆಯ ಉಪಬಗೆಗಳಾಗಿಯೇ ದಾಖಲಿಸಲಾಯಿತು. ಮುಂದೆ ಬಂದ ಅನೇಕರಿಗೆ ಆ ಉಪಬಗೆಗಳೂ ಬೇಡವೆನಿಸಿದವು. ಕಣ್ಣಿನಿಂದ ನೋಡಿ, ಅಳತೆಕಡ್ಡಿ ಹಿಡಿದು ಅಳೆದು, ಇದಕ್ಕಿಂತ ಹೆಚ್ಚು ಹೇಳುವುದು ಆ ಕಾಲದಲ್ಲಿ ಕಷ್ಟವಿತ್ತು.

ಕಪ್ಪೆಗಳು ಯಾಕೆ ಇಷ್ಟು ಹೋಲುತ್ತವೆ? ಗದ್ದೆಯಲ್ಲಿ ಬದುಕುವ ಕಪ್ಪೆಗೆ ಬೇಕಾದ ಮೈಕಟ್ಟು ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ. ಕೊಕ್ಕರೆಯ ಕಣ್ಣಿಗೆ ಬೀಳದಂತೆ ಮಣ್ಣಿನ ಬಣ್ಣ ಬೇಕು, ಒಂದೇ ನೆಗೆತಕ್ಕೆ ನೀರು ಸೇರಲು ಉದ್ದನೆಯ ಹಿಂಗಾಲು ಬೇಕು. ಆ ಮೈಕಟ್ಟು ಚೆನ್ನಾಗಿ ನಡೆಯುತ್ತಿರುವಾಗ ಅದನ್ನು ಬದಲಿಸುವ ಒತ್ತಡ ನಿಸರ್ಗದಲ್ಲಿ ಇರುವುದಿಲ್ಲ. ಅದೇ ಹೊತ್ತಿನಲ್ಲಿ ಕಪ್ಪೆ ದೂರ ಪ್ರಯಾಣ ಮಾಡುವ ಪ್ರಾಣಿಯೂ ಅಲ್ಲ. ಅದರ ತೆಳು ಚರ್ಮ ಒಣಗಿದರೆ ಪ್ರಾಣವೇ ಹೋಗುತ್ತದೆ. ನಡುವೆ ಒಂದು ಒಣ ಬಯಲು ಬಂದರೆ, ಒಂದು ಎತ್ತರದ ಶಿಖರ ಅಡ್ಡ ನಿಂತರೆ, ಈಚೆಯವು ಈಚೆಯೇ, ಆಚೆಯವು ಆಚೆಯೇ ಉಳಿಯುತ್ತವೆ. ಲಕ್ಷಾಂತರ ವರ್ಷ ಕೂಡದೆ ಉಳಿದ ಎರಡು ಗುಂಪುಗಳ ಒಳಗು ಬೇರೆಯಾಗುತ್ತಾ ಹೋಗುತ್ತದೆ, ಹೊರಗು ಮಾತ್ರ ಹಾಗೆಯೇ ಇರುತ್ತದೆ. ಇಂಥವನ್ನು ವಿಜ್ಞಾನಿಗಳು ಗುಪ್ತ ಪ್ರಭೇದಗಳು ಎನ್ನುತ್ತಾರೆ.

ಆ ಒಳಗನ್ನು ಓದುವ ಬಗೆಯನ್ನು ವಿವರಿಸಲು ನನಗೆ ಪ್ರಯೋಗಾಲಯಕ್ಕಿಂತ ಮೊದಲು ನೆನಪಾಗುವುದು ತಾಳೆಗರಿ. ವಿಜಯಪುರದಲ್ಲಿ ವಕೀಲರಾಗಿದ್ದ ಫ.ಗು. ಹಳಕಟ್ಟಿಯವರು ಊರೂರು ತಿರುಗಿ ವಚನಗಳ ಓಲೆಕಟ್ಟುಗಳನ್ನು ಕಲೆಹಾಕಿದ್ದು ನಮ್ಮ ಭಾಗದವರಿಗೆಲ್ಲ ಗೊತ್ತು. ಓಲೆಗರಿಗಳನ್ನು ಕೈಯಿಂದ ಪ್ರತಿ ಮಾಡುತ್ತಿದ್ದರು. ಪ್ರತಿ ಮಾಡುವಾಗ ಎಲ್ಲೋ ಒಂದು ಅಕ್ಷರ ತಪ್ಪುತ್ತಿತ್ತು. ಆ ಪ್ರತಿಯಿಂದ ಇನ್ನೊಬ್ಬರು ಪ್ರತಿ ಮಾಡಿದರೆ ಹಳೆಯ ತಪ್ಪು ಹಾಗೆಯೇ ಇಳಿದುಬಂದು, ಅದರ ಮೇಲೆ ಹೊಸದೊಂದು ತಪ್ಪು ಕೂಡುತ್ತಿತ್ತು. ಗ್ರಂಥಸಂಪಾದನೆ ಮಾಡುವವರು ಐದಾರು ಪ್ರತಿಗಳನ್ನು ಪಕ್ಕಪಕ್ಕ ಇಟ್ಟುಕೊಂಡು ಪಾಠಾಂತರಗಳನ್ನು ಗುರುತಿಸುತ್ತಾರೆ. ಒಂದೇ ತಪ್ಪನ್ನು ಹಂಚಿಕೊಂಡಿರುವ ಎರಡು ಪ್ರತಿಗಳು ಒಂದೇ ಮೂಲದಿಂದ ಬಂದವು ಎಂದು ತಿಳಿಯುತ್ತಾರೆ. ಹೀಗೆ ಪ್ರತಿಗಳ ವಂಶವೃಕ್ಷವೇ ಸಿದ್ಧವಾಗುತ್ತದೆ.

ಡಿಎನ್ಎ ಕೂಡ ಪ್ರತಿಯಾಗುತ್ತಾ ಬರುವ ಬರಹವೇ. ಅದರ ಲಿಪಿಯಲ್ಲಿ ನಾಲ್ಕೇ ಅಕ್ಷರಗಳು: ಎ, ಟಿ, ಜಿ, ಸಿ. ತಾಯಿ ತಂದೆಯಿಂದ ಮರಿಗೆ ಹೋಗುವಾಗ ಅಪರೂಪಕ್ಕೊಮ್ಮೆ ಒಂದು ಅಕ್ಷರ ಬದಲಾಗುತ್ತದೆ, ಅದು ಮುಂದಿನ ಪೀಳಿಗೆಗಳಿಗೆ ಇಳಿಯುತ್ತದೆ. ಎರಡು ಕಪ್ಪೆಗಳ ಒಂದೇ ಭಾಗದ ಬರಹವನ್ನು ಪಕ್ಕಪಕ್ಕ ಇಟ್ಟು ಎಷ್ಟು ಅಕ್ಷರ ಬೇರೆಯಾಗಿದೆ ಎಂದು ಎಣಿಸಿದರೆ, ಅವು ಎಷ್ಟು ಹಿಂದೆ ಬೇರೆಯಾದವು ಎಂಬ ಅಂದಾಜು ಸಿಗುತ್ತದೆ. ಹಲವು ಕಪ್ಪೆಗಳದ್ದು ಇಟ್ಟರೆ ವಂಶವೃಕ್ಷ ಸಿಗುತ್ತದೆ.

ಕಪ್ಪೆಯ ಡಿಎನ್ಎಯಲ್ಲಿ ನೂರಾರು ಕೋಟಿ ಅಕ್ಷರಗಳಿವೆ. ಎಲ್ಲವನ್ನೂ ಓದುವ ಅಗತ್ಯವಿಲ್ಲ. ಹೆಚ್ಚಾಗಿ ಓದುವುದು ಜೀವಕೋಶದ ಶಕ್ತಿಮನೆಯಾದ ಮೈಟೊಕಾಂಡ್ರಿಯಾದೊಳಗಿನ ಪುಟ್ಟ ಡಿಎನ್ಎಯನ್ನು. ಒಂದು ಜೀವಕೋಶದಲ್ಲಿ ಅದರ ನೂರಾರು ಪ್ರತಿಗಳಿರುವುದರಿಂದ ಚಿಕ್ಕ ಮಾದರಿಯಿಂದಲೂ ತೆಗೆಯಬಹುದು. ಅದು ಬದಲಾಗುವ ವೇಗವೂ ಹೆಚ್ಚು. ಅದರಲ್ಲಿ '16ಎಸ್' ಎಂಬ ಜೀನ್ ಕಪ್ಪೆ ಅಧ್ಯಯನದವರ ಅಚ್ಚುಮೆಚ್ಚು. ಇದರ ಕೆಲವು ಭಾಗಗಳು ಎಲ್ಲ ಕಪ್ಪೆಗಳಲ್ಲೂ ಬಹುತೇಕ ಒಂದೇ ರೀತಿ ಇವೆ. ನಡುವಿನ ಭಾಗಗಳು ಮಾತ್ರ ಪ್ರಭೇದದಿಂದ ಪ್ರಭೇದಕ್ಕೆ ಬದಲಾಗುತ್ತವೆ. ಬದಲಾಗದ ಭಾಗ ಹಿಡಿಕೆಯಂತೆ ಕೆಲಸ ಮಾಡುತ್ತದೆ. ಅಲ್ಲಿ ಹಿಡಿದು ನಡುವಿನದನ್ನು ಓದಬಹುದು.

ಕೆಲಸ ನಡೆಯುವುದು ಹೀಗೆ. ಕಪ್ಪೆಯ ತೊಡೆಯ ಸ್ನಾಯುವಿನ ಅಥವಾ ಯಕೃತ್ತಿನ ಅಕ್ಕಿಕಾಳಿನಷ್ಟು ಚೂರನ್ನು ಎಥೆನಾಲ್ ತುಂಬಿದ ಪುಟ್ಟ ಸೀಸೆಯಲ್ಲಿ ಇಡುತ್ತಾರೆ. ಕಪ್ಪೆಯನ್ನು ಕೊಲ್ಲದೆ ಕಾಲ್ಬೆರಳಿನ ತುದಿಯಿಂದ, ಅಥವಾ ಬಾಯೊಳಗೆ ಹತ್ತಿಕಡ್ಡಿ ಆಡಿಸಿ ಮಾದರಿ ತೆಗೆಯುವ ಕ್ರಮವೂ ಇದೆ. ಆ ಕ್ರಮ ಹೆಚ್ಚು ಬಳಕೆಗೆ ಬರಬೇಕು ಎಂಬುದು ನನ್ನ ಆಸೆ. ಪ್ರಯೋಗಾಲಯದಲ್ಲಿ ಕಿಣ್ವ ಹಾಕಿ ಮಾಂಸವನ್ನು ಕರಗಿಸಿ ಡಿಎನ್ಎ ಬೇರ್ಪಡಿಸುತ್ತಾರೆ. ಮುಂದಿನದು ಕೋವಿಡ್ ಕಾಲದಲ್ಲಿ ಮನೆಮನೆಗೂ ಗೊತ್ತಾದ ಪಿಸಿಆರ್. ಸುಮಾರು 94 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದಾಗ ಡಿಎನ್ಎಯ ಎರಡು ಎಳೆಗಳು ಬಿಚ್ಚಿಕೊಳ್ಳುತ್ತವೆ. 50ರಿಂದ 55 ಡಿಗ್ರಿಗೆ ಇಳಿಸಿದಾಗ ಪ್ರೈಮರ್ ಎಂಬ ಚಿಕ್ಕ ತುಣುಕುಗಳು ಆ ಹಿಡಿಕೆಯ ಜಾಗಕ್ಕೆ ಅಂಟುತ್ತವೆ. 72 ಡಿಗ್ರಿಗೆ ಏರಿಸಿದಾಗ ಕಿಣ್ವವು ಉಳಿದ ಎಳೆಯನ್ನು ನೇಯ್ದು ಮುಗಿಸುತ್ತದೆ. ಒಂದು ಸುತ್ತಿಗೆ ಒಂದು ಎರಡಾಗುತ್ತದೆ, ಎರಡು ನಾಲ್ಕಾಗುತ್ತದೆ. 30 ಸುತ್ತು ಮುಗಿಯುವಷ್ಟರಲ್ಲಿ ಲೆಕ್ಕದ ಪ್ರಕಾರ ಒಂದು ತುಣುಕು 100 ಕೋಟಿ ದಾಟುತ್ತದೆ. ಆಮೇಲೆ ಯಂತ್ರ ಅದರ ಅಕ್ಷರಗಳನ್ನು ಒಂದೊಂದಾಗಿ ಓದಿ ಕೊಡುತ್ತದೆ.

ನಮ್ಮ ಬದುವಿನ ಎರಡು ಕಪ್ಪೆಗಳಿಂದ 550 ಅಕ್ಷರಗಳ ಒಂದೊಂದು ಸಾಲು ಸಿಕ್ಕಿತು ಎಂದುಕೊಳ್ಳೋಣ. ಎರಡರ ನಡುವೆ ಎರಡು ಮೂರು ಅಕ್ಷರ ಮಾತ್ರ ಬೇರೆಯಾಗಿದ್ದರೆ ಕಾಕಾ ಗೆದ್ದರು. ಅಷ್ಟು ವ್ಯತ್ಯಾಸ ಒಂದೇ ಪ್ರಭೇದದೊಳಗೆ ಸಹಜ. ನಲವತ್ತು ಅಕ್ಷರ ಬೇರೆಯಾಗಿದ್ದರೆ ಅದು ಶೇ 7ಕ್ಕೂ ಮೀರಿದ ಅಂತರ. ಇಷ್ಟು ದೂರ ಸರಿದವು ಒಂದೇ ಪ್ರಭೇದವಾಗಿರುವ ಸಾಧ್ಯತೆ ತೀರಾ ಕಡಿಮೆ. 16ಎಸ್ ಜೀನಿನಲ್ಲಿ ಶೇ 3ರ ಅಂತರವನ್ನು ಹಲವರು ಎಚ್ಚರಿಕೆಯ ಗೆರೆಯಾಗಿ ಇಟ್ಟುಕೊಂಡಿದ್ದಾರೆ. 550 ಅಕ್ಷರದಲ್ಲಿ ಅದು ಹದಿನಾರು ಹದಿನೇಳು ಅಕ್ಷರ. ಇದು ಅನುಭವದಿಂದ ಬಂದ ರೂಢಿ. ಈಚೆಗೆ ಹುಟ್ಟಿದ ಪ್ರಭೇದಗಳು ಈ ಗೆರೆಯ ಒಳಗೇ ಇರಬಹುದು, ದೊಡ್ಡ ಪ್ರದೇಶದಲ್ಲಿ ಹರಡಿದ ಒಂದೇ ಪ್ರಭೇದದ ಎರಡು ತುದಿಗಳು ಇದನ್ನು ದಾಟಿರಬಹುದು.

ಈ ದಾರಿಯಲ್ಲಿ ನಮ್ಮ ಗದ್ದೆಯ ಕಪ್ಪೆಗಳ ಗಂಟು ಬಿಚ್ಚತೊಡಗಿತು. 2007ರಲ್ಲಿ ಜಪಾನಿನ ಮತ್ತು ಮಂಗಳೂರಿನ ಸಂಶೋಧಕರು ಕೂಡಿ ಮಧ್ಯ ಪಶ್ಚಿಮ ಘಟ್ಟದ ಈ ಗುಂಪನ್ನು ಪರಿಶೀಲಿಸಿ, ಒಂದೇ ಏಟಿಗೆ ನಾಲ್ಕು ಗುಪ್ತ ಪ್ರಭೇದಗಳನ್ನು ವಿವರಿಸಿದರು: ಕ್ಯಾಪೆರಾಟಾ, ಗ್ರಾನೋಸಾ, ಕುದುರೆಮುಖೆನ್ಸಿಸ್ ಮತ್ತು ಮುದ್ದುರಾಜ. 2015ರಲ್ಲಿ ಗೋಮಾಂತಕಿ ಎಂಬ ಹೆಸರು ಬಂತು. 2017ರಲ್ಲಿ ಬೆಳಗಾವಿಯಿಂದ ದೂರವೇನಲ್ಲದ ಆಂಬೋಲಿಯಿಂದ ಇನ್ನೊಂದು ಸೇರಿತು. ಆನಂಡೇಲರ ಸಿಹಾದ್ರೆನ್ಸಿಸ್ ಮತ್ತು ನಾರಾಯಣ ರಾವ್ ಅವರ ಮೈಸೂರೆನ್ಸಿಸ್ ಉಪಬಗೆಯ ಸ್ಥಾನ ಬಿಟ್ಟು ಪೂರ್ಣ ಪ್ರಭೇದಗಳಾದವು. 2018ರ ಹೊತ್ತಿಗೆ ದಕ್ಷಿಣ ಏಷ್ಯಾದ ಈ ಕಪ್ಪೆಗಳ ಶಾಖೆಯೇ ಬೇರೆ ಎಂದು ಸ್ಪಷ್ಟವಾಗಿ ಅವಕ್ಕೆ 'ಮಿನರ್ವಾರ್ಯ' ಎಂಬ ಕುಲನಾಮ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ ಹೆಸರು, ನಿಂತಿತು. ಜಾವಾದ ಲಿಮ್ನೊಕಾರಿಸ್ 'ಫೆಜೆರ್ವಾರ್ಯ' ಎಂಬ ಇನ್ನೊಂದು ಕುಲದಲ್ಲಿ ಉಳಿಯಿತು. ನೂರೈವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಹೆಸರಿನಲ್ಲಿ ಕೂಡಿಹಾಕಿದ್ದ ಎರಡಕ್ಕೆ ಕುಲವೂ ಒಂದಲ್ಲ ಎಂದಾಯಿತು.

ಇಲ್ಲಿಗೆ ಬಂದು ಅನೇಕರು ಡಿಎನ್ಎ ಇದ್ದರೆ ಸಾಕು, ಉಳಿದದ್ದೆಲ್ಲ ಹಳೆಯ ಕಾಲದ್ದು ಎಂದುಬಿಡುತ್ತಾರೆ. ಆ ಮಾತನ್ನು ನಾನು ಒಪ್ಪುವುದಿಲ್ಲ. ಡಿಎನ್ಎ ಎರಡು ಕಪ್ಪೆಗಳು ಬೇರೆ ಎಂದು ಹೇಳಬಲ್ಲದು. ಅವುಗಳಲ್ಲಿ ಯಾವುದು ಮೈಸೂರೆನ್ಸಿಸ್ ಎಂದು ಅದೊಂದರಿಂದಲೇ ಹೇಳಲಾಗದು.

ಯಾಕೆಂದರೆ ಪ್ರಾಣಿಶಾಸ್ತ್ರದಲ್ಲಿ ಹೆಸರು ಅಂಟಿಕೊಂಡಿರುವುದು ಒಂದು ನಿರ್ದಿಷ್ಟ ದೇಹಕ್ಕೆ. ಮೊದಲು ವಿವರಿಸಿದವರು ವಸ್ತುಸಂಗ್ರಹಾಲಯದಲ್ಲಿ ಇಟ್ಟ ಮೂಲ ಮಾದರಿಯೇ ಆ ಹೆಸರಿನ ಒಡೆಯ. ನಾರಾಯಣ ರಾವ್ ಅವರು ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, 1932ರಲ್ಲಿ ಆರಂಭವಾದ 'ಕರೆಂಟ್ ಸೈನ್ಸ್' ಪತ್ರಿಕೆಯ ಮೊದಲ ಸಂಪಾದಕರು. ಘಟ್ಟದ ಎಷ್ಟೋ ಕಪ್ಪೆಗಳನ್ನು ಮೊದಲು ವಿವರಿಸಿದ ಅವರ ಮೂಲ ಮಾದರಿಗಳು ಕಳೆದುಹೋಗಿವೆ. ಉಳಿದಿರುವುದು ಅವರು ಬರೆದ ಮಾತು ಮತ್ತು ಅವರು ಬರೆದ ಊರು. ಮಾದರಿ ಉಳಿದಿರುವ ಕಡೆಯೂ ತೊಂದರೆ ತಪ್ಪಿದ್ದಲ್ಲ. ಫಾರ್ಮಲಿನ್‌ನಲ್ಲಿ ಇಟ್ಟ ಹಳೆಯ ದೇಹದ ಡಿಎನ್ಎ ಚೂರುಚೂರಾಗಿರುತ್ತದೆ. ಆಗ ಮಾಡುವುದು ಒಂದೇ: ಮೊದಲು ಕಪ್ಪೆ ಸಿಕ್ಕ ಊರಿಗೆ ಹೋಗಿ, ಅದೇ ಕಾಲದಲ್ಲಿ, ಹಳೆಯ ವಿವರಣೆಗೆ ಹೊಂದುವ ಕಪ್ಪೆಯನ್ನು ಹುಡುಕಿ ಅದರ ಡಿಎನ್ಎ ತೆಗೆಯುವುದು. ಮೈಸೂರೆನ್ಸಿಸ್ ಬೇಕಾದರೆ ಜೋಗಕ್ಕೆ ಹೋಗಬೇಕು. 2010ರಲ್ಲಿ ಪೊದೆಗಪ್ಪೆಗಳ ಒಂದು ದೊಡ್ಡ ಕುಲಕ್ಕೆ 'ರಾವೋರ್ಕೆಸ್ಟಿಸ್' ಎಂದು ನಾರಾಯಣ ರಾವ್ ಅವರದೇ ಹೆಸರು ಇಟ್ಟರು. ಆ ಹಿರಿಯರಿಗೆ ಸಂದ ಗೌರವದಲ್ಲಿ ನನಗೆ ಅತ್ಯಂತ ತೃಪ್ತಿ ಕೊಟ್ಟದ್ದು ಇದು.

ನಮಗೆ ಇನ್ನೂ ಹತ್ತಿರದ ಊರೊಂದಿದೆ. ಲೋಂಡಾ ದಾಟಿ ದೂಧಸಾಗರದ ಕಡೆ ಇಳಿಯುವ ರೈಲು ನಿಲ್ಲುವ ಕ್ಯಾಸಲ್‌ರಾಕ್. 1919ರಲ್ಲಿ ಆನಂಡೇಲ್ ಅಲ್ಲಿಂದ ವಿವರಿಸಿದ ಪೊದೆಗಪ್ಪೆಯ ಹೆಸರು 'ಬಾಂಬೆಯೆನ್ಸಿಸ್'. ಮುಂಬೈ ನಗರಕ್ಕೂ ಅದಕ್ಕೂ ಸಂಬಂಧವಿಲ್ಲ. ಆಗ ಆ ಜಾಗ, ನಮ್ಮ ಬೆಳಗಾವಿಯಂತೆಯೇ, ಮುಂಬೈ ಪ್ರಾಂತ್ಯದಲ್ಲಿತ್ತು. ಹೆಸರನ್ನು ನೋಡಿ ಮುಂಬೈ ಸುತ್ತ ಕಪ್ಪೆ ಹಿಡಿದು ಡಿಎನ್ಎ ಓದಿ ಇದೇ ಬಾಂಬೆಯೆನ್ಸಿಸ್ ಎಂದು ಬರೆದರೆ ತಪ್ಪು ಅಲ್ಲಿಂದಲೇ ಶುರುವಾಗುತ್ತದೆ.

ಒಮ್ಮೆ ಶುರುವಾದ ಇಂಥ ತಪ್ಪು ಹರಡುವುದೂ ಬೇಗ. ಸಂಶೋಧಕರು ತಾವು ಓದಿದ ಡಿಎನ್ಎ ಸಾಲುಗಳನ್ನು ಜೆನ್‌ಬ್ಯಾಂಕ್ ಎಂಬ ಸಾರ್ವಜನಿಕ ಭಂಡಾರಕ್ಕೆ ಸೇರಿಸುತ್ತಾರೆ. ಇನ್ನೊಬ್ಬರು ತಮ್ಮ ಸಾಲನ್ನು ಅಲ್ಲಿ ಹೋಲಿಸಿ ನೋಡಿ, ಹತ್ತಿರದ್ದು ಯಾವ ಹೆಸರಿನಲ್ಲಿದೆಯೋ ಅದನ್ನೇ ಬರೆದುಕೊಳ್ಳುತ್ತಾರೆ. ಮೊದಲು ಹಾಕಿದವರೇ ಕಪ್ಪೆಯನ್ನು ತಪ್ಪಾಗಿ ಗುರುತಿಸಿದ್ದರೆ, ಓಲೆಗರಿಯ ತಪ್ಪು ಪ್ರತಿಯಿಂದ ಪ್ರತಿಗೆ ಇಳಿದಂತೆ ಅದೂ ಇಳಿಯುತ್ತದೆ.

ಇನ್ನೊಂದು ತೊಡಕು ಮೈಟೊಕಾಂಡ್ರಿಯಾದ್ದೇ. ಅದು ತಾಯಿಯಿಂದ ಮಾತ್ರ ಮರಿಗೆ ಬರುತ್ತದೆ. ಎರಡು ಪ್ರಭೇದಗಳು ಎಲ್ಲಿಯಾದರೂ ಕೂಡಿ ಮಿಶ್ರ ಸಂತತಿ ಹುಟ್ಟಿದರೆ, ಮೈಟೊಕಾಂಡ್ರಿಯಾ ತಾಯಿಯ ಕಡೆಯನ್ನಷ್ಟೇ ಹೇಳಿ ಸುಮ್ಮನಾಗುತ್ತದೆ. ಯುರೋಪಿನಲ್ಲಿ ಜನ ತಿನ್ನುವ ಹಸಿರು ಕಪ್ಪೆಯೊಂದು ಎರಡು ಪ್ರಭೇದಗಳ ಮಿಶ್ರಣ. ಅದರ ಗುಟ್ಟು ಮೈಟೊಕಾಂಡ್ರಿಯಾ ಒಂದನ್ನೇ ಓದಿದರೆ ಹೊರಬೀಳದು. ಆದ್ದರಿಂದ ಎಚ್ಚರದ ಸಂಶೋಧಕರು ಎರಡೂ ಕಡೆಯಿಂದ ಬರುವ, ಕೋಶಕೇಂದ್ರದ ಜೀನ್‌ಗಳನ್ನೂ ಓದುತ್ತಾರೆ.

ಇವೆಲ್ಲದರ ಜೊತೆಗೆ ಕೂಗು. ನಮ್ಮ ಭಾಗದಲ್ಲಿ ಮಳೆ ಕೈಕೊಟ್ಟ ವರ್ಷ ಎರಡು ಕಪ್ಪೆ ಹಿಡಿದು, ಅರಿಸಿನ ಹಚ್ಚಿ ಮದುವೆ ಮಾಡುವ ಊರುಗಳಿವೆ. ಗದ್ದೆಯಲ್ಲಿ ಆ ಸಂಬಂಧ ಕುದುರಿಸುವುದು ಹೆಣ್ಣುಕಪ್ಪೆಯ ಕಿವಿ. ಕತ್ತಲಲ್ಲಿ, ನೂರಾರು ಗಂಡುಗಳು ಒಟ್ಟಿಗೆ ಕೂಗುವ ಗದ್ದಲದಲ್ಲಿ, ಅದು ತನ್ನ ಪ್ರಭೇದದ ಕೂಗನ್ನು ಹೆಕ್ಕಿ ಅತ್ತ ಸಾಗುತ್ತದೆ. ಬಣ್ಣವೂ ನೆರಿಗೆಯೂ ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ಹಾಗಾಗಿ ನೋಡಲು ಒಂದೇ ಇರುವ ಎರಡು ಪ್ರಭೇದಗಳು ಒಂದೇ ಗದ್ದೆಯಲ್ಲಿ ಕೂಡದೆ ಉಳಿಯುವುದಕ್ಕೆ ಕೂಗಿನ ವ್ಯತ್ಯಾಸವೇ ಬಹುಮಟ್ಟಿಗೆ ಕಾರಣ. ಡಿಎನ್ಎ ತೋರಿಸಿದ ಅಂತರಕ್ಕೆ ಕೂಗಿನ ಅಂತರವೂ ತಾಳೆಯಾದರೆ ಸಂಶೋಧಕರು ಧೈರ್ಯವಾಗಿ ಬೇರೆ ಪ್ರಭೇದ ಎನ್ನುತ್ತಾರೆ. 2016ರಲ್ಲಿ ಉತ್ತರ ಕನ್ನಡದಿಂದ ವಿವರಿಸಿದ ಕರಾವಳಿ ಕಪ್ಪೆಯ ಸುಳಿವು ಸಿಕ್ಕಿದ್ದೇ ಕೂಗಿನಿಂದ. ಅದನ್ನು ಮೊದಲು ಕಿವಿಗೆ ಹಾಕಿಕೊಂಡವರು ಒಬ್ಬ ಅರಣ್ಯ ರಕ್ಷಕರು. ನಡವಳಿಕೆಯೂ ಸಾಕ್ಷಿಯಾಗುತ್ತದೆ. 2014ರಲ್ಲಿ ವಿವರಿಸಿದ ಕುಂಬಾರ ಕಪ್ಪೆಯ ಗಂಡು ಹಳ್ಳದ ಕೆಸರನ್ನು ಮುಂಗೈಯಲ್ಲಿ ತಂದು ಮೊಟ್ಟೆಗಳಿಗೆ ಮೆತ್ತುತ್ತದೆ, ಮಡಿಕೆಗೆ ಮಣ್ಣು ಮೆತ್ತಿದ ಹಾಗೆ.

ಡಿಎನ್ಎಗೆ ಸಾಟಿಯೇ ಇಲ್ಲದ ಒಂದು ಜಾಗವೆಂದರೆ ಗೊದಮೊಟ್ಟೆ. ಬಾಲವಿರುವ ಕಪ್ಪು ಮರಿಯನ್ನು ನೋಡಿ ಅದು ಮುಂದೆ ಯಾವ ಕಪ್ಪೆಯಾಗುತ್ತದೆ ಎಂದು ಹೇಳುವುದು ಬಹಳ ಕಷ್ಟ. ಬಾಲದ ತುದಿಯ ಚೂರನ್ನು ಓದಿ ದೊಡ್ಡ ಕಪ್ಪೆಯ ಸಾಲಿನೊಡನೆ ಹೋಲಿಸಿದರೆ ಗೊಂದಲ ಮುಗಿಯಿತು. ಯಾವ ಕಪ್ಪೆ ಯಾವ ನೀರಿನಲ್ಲಿ ಮರಿಮಾಡುತ್ತದೆ ಎಂದು ತಿಳಿಯದೆ ಅದನ್ನು ಉಳಿಸುವುದಾದರೂ ಹೇಗೆ?

ಉಳಿಸುವ ಮಾತು ಬೆಳಗಾವಿಯಲ್ಲಿ ಕೂತು ಹೇಳಲು ಕಾರಣವಿದೆ. ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಪೂರ್ವಕ್ಕೆ ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತದೆ. ಅದೇ ತಾಲ್ಲೂಕಿನ ಭೀಮಗಡದ ಕಾಡಿನ ಕಡೆ ಹುಟ್ಟುವ ಮಹದಾಯಿ ಪಶ್ಚಿಮಕ್ಕಿಳಿದು ಅರಬ್ಬೀ ಸಮುದ್ರ ಸೇರುತ್ತದೆ. ಒಂದೇ ಗುಡ್ಡದ ಎರಡು ಮಗ್ಗುಲಿಗೆ ಬಿದ್ದ ಮಳೆಹನಿಗಳು ಎರಡು ಕಡಲು ಸೇರುವ ನೆಲ ಇದು. ಇನ್ನು ಪೂರ್ವಕ್ಕೆ ಸವದತ್ತಿ, ಅಥಣಿ, ಆಮೇಲೆ ಬಾಗಲಕೋಟೆ, ವಿಜಯಪುರದ ಕಪ್ಪು ನೆಲ. ಕಾಡಿನಿಂದ ಎರೆಮಣ್ಣಿಗೆ ಇಷ್ಟು ಬೇಗ ಇಳಿಯುವ ಜಿಲ್ಲೆಯಲ್ಲಿ ಒಂದು ಪ್ರಭೇದ ಎಲ್ಲಿ ಮುಗಿದು ಇನ್ನೊಂದು ಎಲ್ಲಿ ಶುರುವಾಗುತ್ತದೆ ಎಂಬುದು ದೊಡ್ಡ ಪ್ರಶ್ನೆ. 2007ರಲ್ಲಿ ಚೋರ್ಲಾ ಭಾಗದಿಂದ ಎರೆಹುಳುವಿನಂತೆ ಕಾಣುವ, ಕಾಲಿಲ್ಲದ ಉಭಯಚರವೊಂದನ್ನು ವಿವರಿಸಿ ಅದಕ್ಕೆ ಮಹದಾಯಿಯ ಹೆಸರನ್ನೇ ಇಟ್ಟರು. ಭಾರತದಿಂದ ಜಪಾನಿನವರೆಗೆ ಹರಡಿದ ಒಂದು ಕಪ್ಪೆ ಎಂದು ಪಟ್ಟಿಯಲ್ಲಿದ್ದರೆ ಯಾರೂ ಅದರ ಚಿಂತೆ ಮಾಡುವುದಿಲ್ಲ. ಅದೇ ಕಪ್ಪೆ ನಾಲ್ಕಾರು ಕಣಿವೆಗಳಿಗೆ ಮಾತ್ರ ಸೇರಿದ ಪ್ರಭೇದ ಎಂದು ಗೊತ್ತಾದರೆ ಒಂದು ರಸ್ತೆ ಅಗಲವಾಗುವುದೂ, ಒಂದು ಹಳ್ಳ ಬತ್ತುವುದೂ ಅದಕ್ಕೆ ಜೀವದ ಪ್ರಶ್ನೆ. 2023ರ ಜಾಗತಿಕ ಸಮೀಕ್ಷೆಯ ಪ್ರಕಾರ ಉಭಯಚರಗಳಲ್ಲಿ ಸುಮಾರು ಶೇ 41ರಷ್ಟು ಪ್ರಭೇದಗಳು ಅಳಿವಿನ ಅಂಚಿನತ್ತ ಸಾಗಿವೆ.

ಮಾದರಿ ತೆಗೆಯಲು ಅರಣ್ಯ ಇಲಾಖೆಯ ಅನುಮತಿ ಬೇಕು, ಅದು ಪರಿಣತರ ಕೆಲಸ. ಕೂಗನ್ನು ಮೊಬೈಲಿನಲ್ಲಿ ಹಿಡಿಯಲು, ಮುಟ್ಟದೆ ಬದಿಯಿಂದ ಒಂದು ಫೋಟೊ ತೆಗೆಯಲು, ಊರು, ತಾರೀಕು, ಹೊತ್ತು ಬರೆದಿಡಲು ಯಾರಿಂದಲೂ ಆಗುತ್ತದೆ. ನಾನು ಆ ರಾತ್ರಿ ಮಾಡಿದ್ದು ಅಷ್ಟೇ. ಎರಡು ಕೂಗನ್ನೂ ಬೇರೆ ಬೇರೆಯಾಗಿ ಹಿಡಿದು ಕಾಕಾ ಅವರಿಗೆ ಕೇಳಿಸಿದೆ. ಮೊಬೈಲನ್ನು ಕಿವಿಗೆ ಹಚ್ಚಿಕೊಂಡು ಎರಡೆರಡು ಸಲ ಕೇಳಿದರು, ಏನೂ ಹೇಳಲಿಲ್ಲ.

ಹತ್ತು ದಿನದ ಮೇಲೆ ಅವರದೇ ಫೋನ್ ಬಂತು. "ತಮ್ಮಾ, ಆ ಗಿಡ್ಡ ಕೂಗು ಈಗ ಗದ್ದೆಯೊಳಗೆ ಕೇಳುವುದಿಲ್ಲ. ಹಳ್ಳದ ದಂಡೆಗೆ ಹೋದರೆ ಮಾತ್ರ ಕೇಳುತ್ತದೆ. ಉದ್ದನೆಯದು ಇಲ್ಲಿಯೇ ಇದೆ."